ಹೊಗೆಯ ದಾರಿ

ಎಳ್ಳ ಅಮಾವಾಸ್ಯೆ ಹತ್ತಿರ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಕಟ್ಟಿಗೆ ಒಲೆಗೆ ಪುರುಸೊತ್ತು ಇರುವುದಿಲ್ಲ. ಹೊಲದಲ್ಲಿ ಚರಗ ಚೆಲ್ಲುವ ದಿನದ ಬುತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಕು, ಅದೂ ಬುಟ್ಟಿಗಟ್ಟಲೆ. ಗ್ಯಾಸ್ ಇದ್ದವರೂ ಆಗ ಹಿತ್ತಲಿನ ಒಲೆಯ ಮುಂದೆಯೇ ಕೂಡುತ್ತಾರೆ. ಹಂಚಿನಿಂದ ತೆಗೆದ ರೊಟ್ಟಿಯನ್ನು ಕೆಂಡಕ್ಕೆ ಆನಿಸಿ ಉಬ್ಬಿಸಿದ ರುಚಿ ಸಿಲಿಂಡರಿನ ಉರಿಗೆ ಬರುವುದಿಲ್ಲ ಎನ್ನುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಆ ರುಚಿಯ ಜೊತೆಗೆ ಹೊಗೆಯನ್ನೂ ನುಂಗಬೇಕು ಎಂದು ಯಾರು ಹೇಳಿದರು?

ಹೊಗೆಗೊಂದು ದಾರಿ ನಮ್ಮ ಹಿರಿಯರ ಮನೆಯಲ್ಲಿ ಇತ್ತು. ಮಣ್ಣಿನ ಮಾಳಿಗೆಯಲ್ಲಿ, ಒಲೆಗೆ ನೆಟ್ಟಗೆ ಮೇಲೆ ಒಂದು ಬೆಳಕಿಂಡಿ. ಹಗಲು ಅದರಿಂದ ಬಿಸಿಲು ಇಳಿಯುತ್ತಿತ್ತು, ಹೊಗೆ ಏರುತ್ತಿತ್ತು. ಮಳೆ ಬಂದರೆ ಯಾರಾದರೂ ಓಡಿಹೋಗಿ ಅದರ ಮೇಲೆ ಕಲ್ಲು ಎಳೆಯಬೇಕು. ಪೂರ್ತಿ ಹೊಗೆ ಹೋಗುತ್ತಿತ್ತು ಎಂದಲ್ಲ, ಆ ಮನೆಗಳ ಜಂತಿ ತೊಲೆಗಳೆಲ್ಲ ಕರ್ರಗೆ ಮಿರುಗುತ್ತಿದ್ದವು. ಆದರೂ ಬಿಸಿ ಹೊಗೆ ಹಗುರ, ಮೇಲೇ ಹೋಗುತ್ತದೆ ಎಂಬುದನ್ನು ಮನೆ ಕಟ್ಟಿದವನು ಮರೆತಿರಲಿಲ್ಲ. ಮಾಳಿಗೆ ಹೋಗಿ ಸ್ಲ್ಯಾಬು ಬಂತು. ಬೆಳಕಿಂಡಿ ಮುಚ್ಚಿತು. ಒಲೆ ಮಾತ್ರ ಉಳಿಯಿತು.

ನಮ್ಮದು ಕಾಡು ಇಲ್ಲವೆನ್ನುವಷ್ಟು ಕಡಿಮೆ ಇರುವ ಜಿಲ್ಲೆ. ಎರೆಹೊಲದವರಿಗೆ ಸಿಗುವ ಉರುವಲು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು, ಹಳ್ಳದ ದಂಡೆಯ ಜಾಲಿ. ತೊಗರಿ ಕಟ್ಟಿಗೆ ಭರ್ರನೆ ಉರಿದು ಹೋಗುತ್ತದೆ. ಕುಳ್ಳು ನಿಧಾನಕ್ಕೆ ಕಾಯುತ್ತದೆ, ಹೊಗೆಯೂ ಹೆಚ್ಚು. ಹಸಿ ಜಾಲಿಯ ಕಥೆ ಬೇರೆ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರು ಆರುವವರೆಗೆ ಉರಿ ಏಳುವುದಿಲ್ಲ. ಒಲೆಗೆ ಹೊಗೆ ಕೊಳವೆ ಇದ್ದರೆ, ಅರೆಬೆಂದ ಹೊಗೆ ಅದರ ತಣ್ಣನೆಯ ಒಳಮೈಗೆ ತಾಗಿ ಡಾಂಬರಿನಂಥ ಜಿಗುಟು ಮಸಿಯಾಗಿ ಅಂಟುತ್ತದೆ. ಅದಕ್ಕೇ ಜಾಲಿಯನ್ನು ಕಡಿದ ಕೂಡಲೇ ಸೀಳಿ, ಒಂದು ಬೇಸಿಗೆ ಪೂರ್ತಿ ಒಣಗಿಸಿ, ಮುಂಗಾರಿಗೆ ಮೊದಲು ಸೂರಿನಡಿ ಒಟ್ಟಬೇಕು.

ಕೊಳವೆ ಇರುವ ಒಲೆ ನಮಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು, ಹಳ್ಳಿಯ ಕೆಲಸಕ್ಕೆ ವಿಜ್ಞಾನ ತರುವುದಕ್ಕೆಂದು. ಅಲ್ಲಿಂದ ಬಂದದ್ದು ಮೂರು ಪಾತ್ರೆ ಕೂಡುವ, ಕೊಳವೆಯಿಂದ ಹೊಗೆ ಹೊರಹೋಗುವ ಅಸ್ತ್ರ ಒಲೆ. ಕಡಿಮೆ ಕಟ್ಟಿಗೆ, ಕಡಿಮೆ ಹೊಗೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಇಂಥ ಒಲೆಯ ಬಾಯಿ ಚಿಕ್ಕದು, ರೊಟ್ಟಿ ಆನಿಸಲು ಜಾಗವಿಲ್ಲ. ಜಾಗಕ್ಕೆಂದು ಬಾಯಿ ಒಡೆದು ಅಗಲ ಮಾಡಿದರೆ ಕೊಳವೆಯ ಸೆಳೆತ ಹೋಯಿತು.

ಒಡಿಶಾದ ಹಳ್ಳಿಗಳಲ್ಲಿ ಕೊಳವೆಯ ಒಲೆ ಪಡೆದ ಮನೆಗಳನ್ನು ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಾಲ್ಕು ವರ್ಷ ಹಿಂಬಾಲಿಸಿ ನೋಡಿದರು, 2016ರಲ್ಲಿ ಬರೆದರು. ಮೊದಲ ವರ್ಷ ಒಳಗೆಳೆದುಕೊಳ್ಳುವ ಹೊಗೆ ಇಳಿದಿತ್ತು. ಆಮೇಲೆ ಆ ಲಾಭ ಉಳಿಯಲಿಲ್ಲ. ಒಲೆಯನ್ನು ರಿಪೇರಿ ಮಾಡಿ ಇಟ್ಟುಕೊಳ್ಳಲಿಲ್ಲ, ಬಳಕೆಯೂ ಇಳಿಯುತ್ತ ಹೋಯಿತು.

ಇದಕ್ಕೆ ಹೆಣ್ಣುಮಕ್ಕಳ ಸೋಮಾರಿತನ ಕಾರಣ ಎನ್ನುವವರು ಬೆಳಗಿನ ಆರು ಗಂಟೆಗೆ ನಮ್ಮ ಹಳ್ಳಿಗೆ ಬರಬೇಕು. ಬೂದಿ ತೆಗೆದು, ಸೆಗಣಿಯಿಂದ ಒಲೆ ಸಾರಿಸಿ, ಆಮೇಲೆಯೇ ಉರಿ ಹಚ್ಚುವವರು ಅವರು. ಒಲೆ ಅವರ ಪಾಲಿನದು, ಮಾಳಿಗೆ ಗಂಡಸರ ಪಾಲಿನದು. ಕೊಳವೆ ನಡುವೆ ನಿಂತುಬಿಟ್ಟಿತು. ಅದನ್ನು ಜಾಡಿಸುವ ಕೆಲಸ ಯಾರ ಪಟ್ಟಿಯಲ್ಲೂ ಬರೆದಿಲ್ಲ. ಒಲೆಯ ಬಾಯಿಂದ ಹೊಗೆ ಹೊರಳಿ ಬಂದಾಗ ಊದುಗೊಳವೆ ಹಿಡಿದು ಕೂತವಳಿಗೆ ಮಾತ್ರ ಕೊಳವೆ ಕಟ್ಟಿದ್ದು ಗೊತ್ತಾಗುತ್ತದೆ.

ಹಾಗಾಗಿ ಎಳ್ಳ ಅಮಾವಾಸ್ಯೆಗೆ ಒಂದು ವಾರ ಮುಂಚೆ, ಒಲೆ ಪೂರ್ತಿ ಆರಿದ ಮೇಲೆ, ಮನೆಯ ಗಂಡಸರೇ ಮೇಲೆ ಹತ್ತಲಿ. ಹಗ್ಗದ ತುದಿಗೆ ಭಾರ ಕಟ್ಟಿ, ಗೋಣಿತಟ್ಟು ಸುತ್ತಿ, ತಗಡಿನ ಕೊಳವೆಯೊಳಗೆ ನಾಲ್ಕಾರು ಸಲ ಏರಿಳಿಸಿದರೆ ಸಾಕು. ಕೆಳಗೆ ಪಾತ್ರೆ, ಹಿಟ್ಟು ಮುಚ್ಚಿರಲಿ, ಮೂಗಿಗೆ ಬಟ್ಟೆ ಇರಲಿ. ಇಳಿಯುವ ಮುಂಚೆ ಕೊಳವೆಯ ತುದಿ ಮಾಳಿಗೆಯ ಸುತ್ತುಗೋಡೆಗಿಂತ ಎತ್ತರ ಇದೆಯೇ, ಮಳೆ ತಡೆಯುವ ತೊಪ್ಪಿಗೆ ನೆಟ್ಟಗಿದೆಯೇ ನೋಡಿ. ಪಕ್ಕದಲ್ಲೇ ಮೇವಿನ ಬಣವೆ ಒಟ್ಟಿದ್ದರೆ ಬಣವೆಯನ್ನು ಸರಿಸಿ. ಒಳಗಿನ ಮಸಿಗೆ ಬೆಂಕಿ ತಗುಲಿದರೆ ಕಿಡಿ ಹಾರಿ ಬೀಳುವುದು ಅಲ್ಲಿಗೇ.

ದಾರಿ ಬೇಕಿರುವುದು ಒಲೆಯ ಹೊಗೆಗೆ ಮಾತ್ರವಲ್ಲ. ಡಿಸೆಂಬರ್ ಚಳಿಯ ರಾತ್ರಿ ಅಗ್ಗಿಷ್ಟಿಕೆಯ ಕೆಂಡ ಒಳಗಿಟ್ಟುಕೊಂಡು ಬಾಗಿಲು, ಕಿಟಕಿ ಬಡಿದು ಮಲಗುವವರಿದ್ದಾರೆ. ದಯಮಾಡಿ ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳದೇ ಹೋಗಬಹುದು.

ಮತ್ತೆ ಕೊಳವೆಯ ಮಾತಿಗೆ ಬಂದರೆ, ಹಳೆಯ ಸಿಮೆಂಟ್ ಕೊಳವೆ ಇದ್ದವರು ಅದನ್ನು ಒಣಗಿದ್ದಾಗ ಉಜ್ಜಬೇಡಿ, ಒಡೆಯಬೇಡಿ. ಅದರಲ್ಲಿ ಕಲ್ನಾರು ಇರಬಹುದು, ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಬಿರುಕು ಬಿಟ್ಟಿದ್ದರೆ ನೀರು ಹಾಕಿ ಒದ್ದೆ ಮಾಡಿ, ಇಡಿಯಾಗಿ ಇಳಿಸಿ, ಬದಲಿಗೆ ತಗಡಿನದು ಹಾಕಿಸಿ. ತಾಲ್ಲೂಕಿನ ಪೇಟೆಯಲ್ಲಿ ತಗಡಿನ ಡಬ್ಬಿ, ಕೊಳಗ ಮಾಡುವವರು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಅಳತೆ ಹೇಳಲು ಹೋಗುವಾಗ ಒಲೆಯ ಮುಂದೆ ಕೂಡುವವರನ್ನೂ ಕರೆದುಕೊಂಡು ಹೋಗಿ.