ದನಿಗಳನ್ನು ಕೂಡಿಸುವವರು ಯಾರು?

(ಹೌಜ್ ಖಾಸಿನ ನಮ್ಮ ಉಚಿತ ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಗಿರಣಿಯ ಲೆಕ್ಕ ಬರೆಯುವ ನಾವು ವಿದ್ವಾಂಸರಲ್ಲ. ಆದರೂ ಹಗಲೆಲ್ಲ ದುಡಿದು ಸಂಜೆ ಮೊಬೈಲ್ ಆ್ಯಪ್ ಬರೆಯಲು ಕಲಿಯುತ್ತಿರುವ ನಮ್ಮ ತರುಣರು ಕೇಳಿದ ಪ್ರಶ್ನೆಗೆ ತಿಳಿದಷ್ಟು ಹೇಳಲು ನಿಂತಿದ್ದೇವೆ. ಒಂದೇ ಫೋನಿನಲ್ಲಿ ಹಾಡು, ದಾರಿ ಹೇಳುವ ದನಿ, ಕರೆಯ ಗಂಟೆ ಮೂರೂ ಒಟ್ಟಿಗೆ ಬಂದಾಗ ಅವನ್ನು ಕೂಡಿಸುವುದು ತಂತ್ರಾಂಶದ ಕೆಲಸವೋ, ಯಂತ್ರಾಂಶದ ಕೆಲಸವೋ?

ಮಿಶ್ರಣವೆಂಬುದು ಮೂಲತಃ ಕೂಡುವ ಲೆಕ್ಕ. ದನಿಯನ್ನು ಸೆಕೆಂಡಿಗೆ 48,000 ಸಲ, ಸೀಡಿಯಲ್ಲಾದರೆ 44,100 ಸಲ, ಅಳೆದು ಅಂಕಿಗಳಾಗಿ ಬರೆದಿಡುತ್ತಾರೆ. ಎರಡು ದನಿ ಸೇರಬೇಕಾದರೆ ಆಯಾ ಕ್ಷಣದ ಅಂಕಿಗಳನ್ನು ಕೂಡಿದರಾಯಿತು. ತೊಡಕಿರುವುದು ಮನೆಯ ಅಗಲದಲ್ಲಿ. 16 ಬಿಟ್ಟಿನ ಮನೆಯಲ್ಲಿ 32,767ಕ್ಕಿಂತ ದೊಡ್ಡ ಅಂಕಿ ಹಿಡಿಯದು. 20,000ಕ್ಕೆ 20,000 ಕೂಡಿದರೆ 40,000. ಎಚ್ಚರ ತಪ್ಪಿದರೆ ಯಂತ್ರವು ಅದನ್ನು ಋಣ 25,536 ಎಂದು ಓದಿ ಕಿವಿಗೆ ಪಟಪಟ ಬಡಿಯುತ್ತದೆ. 32,767ರಲ್ಲೇ ತಡೆದರೂ ದನಿ ಒಡೆಯುತ್ತದೆ. ಆದ್ದರಿಂದ ಅಗಲವಾದ ಮನೆಯಲ್ಲಿ ಕೂಡಿ, ಮೊತ್ತವನ್ನು ತಗ್ಗಿಸಿ, ಆಮೇಲೆ ಹೊರಗೆ ಕಳಿಸಬೇಕು.

1998ರಲ್ಲಿ ಬಂದ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡಿನ ಚಿಪ್ಪು 64 ದನಿಗಳನ್ನು ತಾನೇ ಕೂಡಿಸುತ್ತಿತ್ತು. ಅಂದಿನ ಪ್ರೊಸೆಸರುಗಳು ನಿಧಾನವಾಗಿದ್ದುದರಿಂದ ಅದು ದೊಡ್ಡ ಉಪಕಾರವೇ ಸರಿ. ಆದರೆ ಅಗ್ಗದ ಕಾರ್ಡುಗಳಿಗೆ ಆ ಶಕ್ತಿ ಇರಲಿಲ್ಲ. ಹಿಂದೆ ಲಿನಕ್ಸಿನಲ್ಲಿ ಅಂಥ ಕಾರ್ಡನ್ನು ಒಂದು ಪ್ರೋಗ್ರಾಂ ಹಿಡಿದುಕೊಂಡರೆ ಇನ್ನೊಂದರ ಬಾಯಿ ಕಟ್ಟಿದಂತಾಗುತ್ತಿತ್ತು. ಪರದೆಯನ್ನು ಓದಿ ಹೇಳುವ ಪ್ರೋಗ್ರಾಮನ್ನೇ ನಂಬಿದ ಕಣ್ಣಿಲ್ಲದ ಗುಮಾಸ್ತನಿಗೆ, ಹಾಡು ಹಚ್ಚಿದೊಡನೆ ಕೆಲಸವೇ ನಿಂತಂತೆ! ಹಣವುಳ್ಳವನ ಕಾರ್ಡಿಗೆ ಮಾತ್ರ ದೊರೆಯುತ್ತಿದ್ದ ಅನುಕೂಲವನ್ನು ಎಲ್ಲರಿಗೂ ಹಂಚಿದ್ದು ತಂತ್ರಾಂಶ. 2007ರಲ್ಲಿ ಜನರ ಕೈಸೇರಿದ ವಿಂಡೋಸ್ ವಿಸ್ಟಾ ಈ ಕೆಲಸವನ್ನು ತಂತ್ರಾಂಶಕ್ಕೇ ವಹಿಸಿತು. ಆಂಡ್ರಾಯ್ಡಿನಲ್ಲಿ ಆಡಿಯೋಫ್ಲಿಂಗರ್ ಎಂಬ ಭಾಗ ಅದನ್ನು ನಡೆಸುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ವಿಳಂಬ. ತಂತ್ರಾಂಶವು ಅಂಕಿಗಳನ್ನು ಕಂತುಕಂತಾಗಿ ಒಯ್ಯುತ್ತದೆ. 480 ಅಂಕಿಗಳ ಒಂದು ಕಂತೆಂದರೆ ಸೆಕೆಂಡಿನ ನೂರನೆಯ ಒಂದು ಪಾಲು. ಹಾಡು ಕೇಳುವವನಿಗೆ ಇದು ಲೆಕ್ಕಕ್ಕಿಲ್ಲ. ಅಂಥ ಕಂತುಗಳು ಹಲವು ಕೂಡಿದರೆ, ತನ್ನ ದನಿಯನ್ನೇ ತಾನು ಕೇಳುತ್ತ ಹಾಡುವ ಗಾಯಕನಿಗೆ ತಾಳ ತಪ್ಪುತ್ತದೆ. ರಾಜ್ಯೋತ್ಸವದ ವೇದಿಕೆಯಲ್ಲಿ ಹಳೆಯ ಮಿಕ್ಸರ್ ಪೆಟ್ಟಿಗೆಯೇ ಮೇಲೆನ್ನುವುದು ಇದಕ್ಕಾಗಿ.

ಹಾಗಾದರೆ ತರುಣರು ಮಾಡಬೇಕಾದ್ದೇನು? ಸಾಧಾರಣ ಆ್ಯಪಿಗೆ ವ್ಯವಸ್ಥೆಯ ಮಿಶ್ರಣವೇ ಸಾಕು. ಆಟದಲ್ಲೋ ತಾಳ ಕಲಿಸುವ ಆ್ಯಪಿನಲ್ಲೋ ದನಿಗಳು ಕ್ಷಣ ತಪ್ಪದೆ ಕೂಡಬೇಕಾದರೆ ಮಾತ್ರ ನೀವೇ ಕೂಡಿಸಿರಿ. ಮಾತು ಬಂದಾಗ ಹಾಡನ್ನು ತಗ್ಗಿಸಿರಿ. ದಿಲ್ಲಿಯ ಬೀದಿಯಲ್ಲಿ ಬೈಕಿನ ಮೇಲೆ ಪಾರ್ಸೆಲ್ ಒಯ್ಯುವ ನಮ್ಮ ಹುಡುಗನಿಗೆ ತಿರುವು ಕೇಳಿಸದಿದ್ದರೆ ಅಂದಿನ ಕೂಲಿಗೂ ಪ್ರಾಣಕ್ಕೂ ಕುತ್ತು.

ನಮ್ಮ ನೆರೆಯ ದಿಲ್ಲಿ ಐಐಟಿಯಲ್ಲಿ ರೂಪುಗೊಂಡು 2014ರಲ್ಲಿ ಹೊರಬಂದ ಸ್ಮಾರ್ಟ್‌ಕೇನ್ ಎಂಬ ಊರುಗೋಲು, ಎದುರಿನ ಅಡ್ಡಿಯನ್ನು ಹಿಡಿಯ ಕಂಪನದಿಂದ ಅಂಗೈಗೆ ತಿಳಿಸುತ್ತದೆ. ಕಣ್ಣಿಲ್ಲದವರ ಕಿವಿ ಬೀದಿಯ ಸದ್ದಿಗೆ ಬಿಡುವಾಗಿ ಉಳಿಯುತ್ತದೆ. ದನಿ ಕೂಡಿಸುವವರು ಮೊದಲು ಯೋಚಿಸಬೇಕಾದ್ದೂ ಇದನ್ನೇ: ಕೇಳುವವನ ಕಿವಿಗೆ ಈ ಹೊತ್ತಿನಲ್ಲಿ ಬೇಕಾದ್ದು ಯಾವುದು?