ಜೀರ್ಣೋದ್ಧಾರ ಮತ್ತು ಹಸುರು ಕಟ್ಟಡ

(ವಾರ್ಷಿಕ ಜಾತ್ರೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಕಾಸರಗೋಡು ಜಿಲ್ಲೆಯಲ್ಲಿ ಜೀರ್ಣೋದ್ಧಾರದ ಮಾತು ಕೇಳದ ಊರು ಕಡಿಮೆ. ಮಧೂರು ಶ್ರೀ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನದಲ್ಲಿ 2025ರಲ್ಲಿ ಬ್ರಹ್ಮಕಲಶೋತ್ಸವವೂ ಮೂಡಪ್ಪ ಸೇವೆಯೂ ನಡೆದದ್ದನ್ನು ಊರಿಗೆ ಊರೇ ಹೋಗಿ ನೋಡಿ ಬಂದಿದೆ. ಚಿಕ್ಕ ಗ್ರಾಮದ ಗುಡಿಯಲ್ಲೂ ಅಷ್ಟಮಂಗಲ ಪ್ರಶ್ನೆ, ಅನುಜ್ಞಾಕಲಶ, ವಿಜ್ಞಾಪನಾ ಪತ್ರ, ರಶೀದಿ ಪುಸ್ತಕ ಎಂದು ಕೆಲಸ ಮುಂದುವರಿಯುತ್ತದೆ. ಇದೆಲ್ಲ ಸಂತೋಷದ ಸಂಗತಿಯೇ.

ಗರ್ಭಗುಡಿ, ತೀರ್ಥಮಂಟಪ, ಸುತ್ತುಪೌಳಿಗಳ ಕೆಲಸಕ್ಕೆ ತಂತ್ರಿಗಳಿದ್ದಾರೆ, ವಾಸ್ತುಶಿಲ್ಪಿಗಳಿದ್ದಾರೆ. ಒಂದು ಅಂಗುಲ ಹೆಚ್ಚುಕಮ್ಮಿಯಾಗಲು ಅವರು ಬಿಡುವುದಿಲ್ಲ. ಆದರೆ ಸುತ್ತುಪೌಳಿಯ ಹೊರಗೆ ಬಂದರೆ ಕೇಳುವವರಿಲ್ಲ. ಸಭಾಭವನ, ಭೋಜನಶಾಲೆ, ಪಾಕಶಾಲೆ, ಶೌಚಾಲಯ, ವಾಹನ ನಿಲ್ಲಿಸುವ ಜಾಗ, ಅಂಗಣಕ್ಕೆ ಇಂಟರ್‌ಲಾಕ್, ಅದರ ಮೇಲೆ ತಗಡಿನ ಚಪ್ಪರ, ಇವುಗಳಿಗೆಲ್ಲ ಕಂಟ್ರಾಕ್ಟುದಾರರ ಮಾತೇ ಶಾಸ್ತ್ರ. ದೇವಸ್ಥಾನದ ಹಣದಲ್ಲಿ ದೊಡ್ಡ ಪಾಲು ಹೋಗುವುದೂ ಅನೇಕ ಕಡೆ ಇಲ್ಲಿಗೇ. ಈ ಹೊರಗಿನ ಕಟ್ಟಡಗಳಿಗೂ ಒಂದು ಅಳತೆಗೋಲು ಇದೆ, ಅದನ್ನು ಜೀರ್ಣೋದ್ಧಾರ ಸಮಿತಿಗಳು ಕೈಗೆತ್ತಿಕೊಳ್ಳಬೇಕು ಎಂಬುದೇ ಇಂದಿನ ವಿಷಯ.

ಅಂಗಡಿಯಲ್ಲಿ ಫ್ರಿಜ್ಜು ಕೊಳ್ಳುವಾಗ ಈಗ ಎಲ್ಲರೂ ಅದರ ಮೇಲಿನ ನಕ್ಷತ್ರ ಎಣಿಸುತ್ತಾರೆ. 2006ರಿಂದ ಬಂದ ಕ್ರಮ ಅದು. ನಕ್ಷತ್ರ ಜಾಸ್ತಿಯಾದಷ್ಟು ಕರೆಂಟು ಬಿಲ್ಲು ಕಡಿಮೆ ಎಂಬುದು ಓದು ಬಾರದ ಅಜ್ಜಿಗೂ ಗೊತ್ತು. ಅದೇ ರೀತಿ ಕಟ್ಟಡಕ್ಕೂ ಮಾರ್ಕು ಕೊಡುವ ಪದ್ಧತಿ ಇದೆ. ಬ್ರಿಟನ್ನಿನಲ್ಲಿ 1990ರಲ್ಲಿ ಶುರುವಾಯಿತು, ಬಳಿಕ ಅಮೆರಿಕದಲ್ಲಿ ‘ಲೀಡ್’ ಎಂಬ ಹೆಸರಿನಲ್ಲಿ ಬಂತು. ಭಾರತದಲ್ಲಿ 2001ರಲ್ಲಿ ಭಾರತೀಯ ಹಸುರು ಕಟ್ಟಡ ಮಂಡಳಿ ಸ್ಥಾಪನೆಯಾಯಿತು. 2007ರಲ್ಲಿ ಟೆರಿ ಸಂಸ್ಥೆಯೂ ಕೇಂದ್ರ ಸರಕಾರವೂ ಸೇರಿ ‘ಗೃಹ’ ಎಂಬ ಸ್ವದೇಶಿ ಪದ್ಧತಿಯನ್ನು ತಂದವು. ಅದರಲ್ಲಿ ಒಂದರಿಂದ ಐದು ನಕ್ಷತ್ರ. ಹೈದರಾಬಾದಿನ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರ್ 69ರಲ್ಲಿ 56 ಅಂಕ ಗಳಿಸಿ, ಅಮೆರಿಕದ ಹೊರಗೆ ಮೊತ್ತಮೊದಲು ಲೀಡ್ ಪ್ಲಾಟಿನಂ ದರ್ಜೆ ಪಡೆದ ಕಟ್ಟಡವಾಯಿತು. ಅದನ್ನು ರಾಷ್ಟ್ರಪತಿ ಡಾ. ಅಬ್ದುಲ್ ಕಲಾಂ ಅವರು 2004ರ ಜುಲೈಯಲ್ಲಿ ಉದ್ಘಾಟಿಸಿದರು.

ಇದೆಲ್ಲ ಕಂಪೆನಿಗಳ ಸಂಗತಿ, ದೇವಸ್ಥಾನಕ್ಕೆ ಏನು ಸಂಬಂಧ ಎಂದು ಕೇಳಬಹುದು. ಅದೇ ಮಂಡಳಿ ಆರಾಧನಾ ಸ್ಥಳಗಳಿಗೂ ಪ್ರತ್ಯೇಕ ಮನ್ನಣೆ ಕೊಡುತ್ತದೆ. ತೆಲಂಗಾಣದ ಯಾದಾದ್ರಿ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ 2022ರಲ್ಲಿ ಅದು ದೊರೆಯಿತು. ದೇವರ ಸಾನ್ನಿಧ್ಯಕ್ಕೆ ಮಾರ್ಕು ಕೊಡಲು ಇವರು ಯಾರು ಎಂಬ ಆಕ್ಷೇಪವನ್ನು ಹಿರಿಯರು ಎತ್ತುವುದುಂಟು. ಆಕ್ಷೇಪ ಸರಿಯೇ, ಸಾನ್ನಿಧ್ಯಕ್ಕೆ ಯಾರೂ ಮಾರ್ಕು ಕೊಡುವುದಿಲ್ಲ. ಮಾರ್ಕು ಇರುವುದು ಶೌಚಾಲಯದ ನೀರಿಗೆ, ಸಭಾಭವನದ ಫ್ಯಾನಿಗೆ, ಅಂಗಣದ ಮಣ್ಣಿಗೆ. ಆಗಮಕ್ಕೂ ಇದಕ್ಕೂ ಜಗಳವಿಲ್ಲ.

ಆ ಪಟ್ಟಿಯಲ್ಲಿ ಕೇಳುವ ಪ್ರಶ್ನೆಗಳನ್ನು ನೋಡಿದರೆ ಯಾವುದೂ ಊರಿಗೆ ಹೊಸತಲ್ಲ. ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ? ಮರ ಎಷ್ಟು ಉಳಿಯಿತು? ಕಲ್ಲು, ಮರ, ಹೆಂಚು ಎಷ್ಟು ದೂರದಿಂದ ಬಂತು? ಹಗಲು ಹೊತ್ತಿನಲ್ಲಿ ದೀಪ ಹಾಕದೆ ಕೆಲಸ ನಡೆದೀತೇ? ಹಳೆಯ ದೇವಸ್ಥಾನಗಳು ಈ ಪರೀಕ್ಷೆಗೆ ಕುಳಿತಿದ್ದರೆ ಒಳ್ಳೆಯ ಮಾರ್ಕೇ ಬರುತ್ತಿತ್ತು. ಕುಂಬಳೆ ಸಮೀಪದ ಅನಂತಪುರದಲ್ಲಿ ಮುರಕಲ್ಲಿನ ಪದವಿನ ಮಧ್ಯೆ ಕೆರೆ, ಕೆರೆಯ ನಡುವೆ ದೇವರ ಗುಡಿ. ಸುತ್ತ ಒಣಗಿ ಬಿರಿದ ಕಲ್ಲಿನ ನೆಲ, ಒಳಗೆ ನೀರು. ಇಂತಹ ಜಾಗವನ್ನು ಆರಿಸಿದವರು ನೀರಿನ ದಾರಿ ತಿಳಿದವರೇ ಆಗಿರಬೇಕು. ನಾಗಬನದಲ್ಲಿ ಕತ್ತಿ ತಾಗಿಸಬಾರದು ಎಂಬ ಕಟ್ಟುಪಾಡಿಗೆ ಯಾವ ಮಂಡಳಿಯ ಸರ್ಟಿಫಿಕೇಟೂ ಬೇಕಾಗಿರಲಿಲ್ಲ. ಈಗ ಬನಕ್ಕೇ ಕಾಂಕ್ರೀಟ್ ಕಟ್ಟೆ ಕಟ್ಟಿ ಟೈಲ್ಸ್ ಹಾಕುವವರಿದ್ದಾರೆ, ಆ ಮಾತು ಬೇರೆ.

ನೀರಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕೇರಳದ 44 ನದಿಗಳಲ್ಲಿ 12 ಈ ಒಂದೇ ಜಿಲ್ಲೆಯಲ್ಲಿ ಹರಿಯುತ್ತವೆ. ವರ್ಷಕ್ಕೆ ಮೂರು ಮೀಟರಿಗೆ ಮಿಕ್ಕಿ ಮಳೆ. ಆದರೂ 2020ರ ಅಂತರ್ಜಲ ಗಣನೆಯಲ್ಲಿ ಕಾಸರಗೋಡು ಬ್ಲಾಕು ಗಂಭೀರ ಸ್ಥಿತಿಯ ವರ್ಗಕ್ಕೆ ಸೇರಿತು. ಎಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕರಿನ ನೀರಿನಿಂದ ಅನ್ನದಾನ ನಡೆಸುವ ದೇವಸ್ಥಾನಗಳು ಇಲ್ಲದಿಲ್ಲ. ಮೂರು ಸಾವಿರ ಚದರ ಅಡಿಯ ಸಭಾಭವನದ ಮಾಡಿನ ಮೇಲೆ ಮೂರು ಮೀಟರ್ ಮಳೆ ಬಿದ್ದರೆ ಎಂಟು ಲಕ್ಷ ಲೀಟರಿಗೆ ಮಿಕ್ಕಿ ನೀರಾಗುತ್ತದೆ. ಹತ್ತರಲ್ಲಿ ಒಂದು ಪಾಲು ಚೆಲ್ಲಿ ಹೋಯಿತೆಂದು ಲೆಕ್ಕ ಹಾಕಿದರೂ ಐದು ಸಾವಿರ ಲೀಟರಿನ 150 ಟ್ಯಾಂಕರು! ಅಷ್ಟನ್ನು ಪೈಪಿನಲ್ಲಿ ಮಾರ್ಗದ ಚರಂಡಿಗೆ ಬಿಟ್ಟು, ಬೇಸಗೆಯಲ್ಲಿ ಹಣ ಕೊಟ್ಟು ನೀರು ತರಿಸುವುದನ್ನು ಯಾವ ಅಂಗಡಿಯವನೂ ವ್ಯಾಪಾರ ಎಂದು ಕರೆಯಲಾರ.

ಹಿಂದಿನವರು ಈ ಜಿಲ್ಲೆಯ ಗುಡ್ಡಗಳಲ್ಲಿ ಸುರಂಗ ಕೊರೆದರು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಒಬ್ಬ ಮನುಷ್ಯ ನುಸುಳುವಷ್ಟೇ ಅಗಲದ ಗುಹೆ, ಗುಡ್ಡದ ಹೊಟ್ಟೆಯಿಂದ ಜಿನುಗಿದ ನೀರು ತಾನಾಗಿ ಹೊರಗೆ ಬಂದು ತೋಟಕ್ಕೆ ಇಳಿಯುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಆದರೆ ಗುಡ್ಡ ಮಳೆಯನ್ನು ಕುಡಿದರೆ ಮಾತ್ರ ಸುರಂಗದಲ್ಲಿ ನೀರು. ಎಣ್ಮಕಜೆಯ ಪಡ್ರೆಯವರಾದ ಶ್ರೀ ಪಡ್ರೆಯವರು ಮಳೆಕೊಯ್ಲಿನ ಬಗ್ಗೆ ಹಲವು ವರ್ಷಗಳಿಂದ ಬರೆಯುತ್ತ, ಊರೂರಿಗೆ ಹೋಗಿ ಹೇಳುತ್ತ ಬಂದಿದ್ದಾರೆ. ಕೇರಳ ಸರಕಾರ ಹೊಸ ಕಟ್ಟಡಗಳಿಗೆ ಮಳೆನೀರು ಸಂಗ್ರಹವನ್ನು 2004ರಲ್ಲಿಯೇ ಕಡ್ಡಾಯ ಮಾಡಿತು. ಪ್ಲಾನಿನಲ್ಲಿ ಟ್ಯಾಂಕಿಯ ಚಿತ್ರ ಇರುತ್ತದೆ. ಕಟ್ಟಡದಲ್ಲಿ ಇರುತ್ತದೆಯೇ ಎಂಬುದನ್ನು ಆಯಾ ಸಮಿತಿಯವರೇ ನೋಡಿಕೊಳ್ಳಬೇಕು.

ಅಂಗಣದ ಸಂಗತಿ ಇನ್ನೊಂದು. ಜಿಲ್ಲೆಯ ಒಂದು ದೇವಸ್ಥಾನದಲ್ಲಿ ಜಾತ್ರೆಗೆ ಮುಂಚೆ ಅಂಗಣ ಪೂರ್ತಿ ಇಂಟರ್‌ಲಾಕ್ ಹಾಕಿಸಿದರು. ಕೆಸರಿಲ್ಲ, ಧೂಳಿಲ್ಲ, ನೋಡಲು ಚೆಂದ. ಮಧ್ಯಾಹ್ನದ ಮಹಾಪೂಜೆಗೆ ಪ್ರದಕ್ಷಿಣೆ ಬರುವವರು ಕಾಲು ಸುಟ್ಟು ಓಡುವ ಹಾಗಾಯಿತು. ಉರುಳುಸೇವೆಯ ಹರಕೆ ಹೊತ್ತವರಿಗೆ ಗೋಣಿ ಹಾಸಿ ನೀರು ಚಿಮುಕಿಸಬೇಕಾಯಿತು. ಆ ನೀರೂ ಅದೇ ಬಾವಿಯದು. ಮಳೆಗಾಲದಲ್ಲಿ ಅಂಗಣದಲ್ಲಿ ಇಂಗುತ್ತಿದ್ದ ನೀರು ಗೋಪುರದ ಬಾಗಿಲಿನಿಂದ ಹೊರಗೆ ಹರಿಯತೊಡಗಿತು. ಹಸುರು ಕಟ್ಟಡದ ಪಟ್ಟಿಯಲ್ಲಿ ನೆಲದ ಬಿಸಿಗೂ ನೀರು ಇಂಗುವುದಕ್ಕೂ ಬೇರೆ ಬೇರೆ ಅಂಕಗಳಿವೆ. ಪ್ರದಕ್ಷಿಣೆಯ ದಾರಿಗೆ ಮಾತ್ರ ಕಲ್ಲು ಹಾಸಿ ಉಳಿದ ಕಡೆ ಮಣ್ಣು, ಹೊಯಿಗೆ, ಗರಿಕೆ ಬಿಟ್ಟಿದ್ದರೆ ಖರ್ಚೂ ಅರ್ಧಕ್ಕೆ ಇಳಿಯುತ್ತಿತ್ತು.

ಇನ್ನು ಕಟ್ಟುವ ಸಾಮಾನು. ಈ ನಾಡಿನ ಮುರಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರು ಕೊಟ್ಟವರು ಫ್ರಾನ್ಸಿಸ್ ಬುಕಾನನ್. 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿ 1807ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದು ಇದೆ. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಇಟ್ಟಿಗೆ ಎಂದು ಅರ್ಥ. ನೆಲದಡಿಯಲ್ಲಿರುವಾಗ ಕಡಿಯಲು ಮೆತ್ತಗೆ, ಗಾಳಿಬಿಸಿಲಿಗೆ ಬಂದ ಮೇಲೆ ಗಟ್ಟಿ. ಸುಡಲು ಸೌದೆ ಬೇಡ. ಬೇಕಲದ ಕೋಟೆ ಇಷ್ಟು ವರ್ಷ ಸಮುದ್ರದ ಉಪ್ಪುಗಾಳಿ ತಿಂದು ನಿಂತಿರುವುದು ಇದೇ ಕಲ್ಲಿನಲ್ಲಿ.

ಸಿಮೆಂಟಿನ ಕತೆ ಹಾಗಲ್ಲ. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಬೇಯಿಸಬೇಕು. ಒಂದು ಟನ್ ಸಿಮೆಂಟ್ ಆಗುವಾಗ ಅರ್ಧ ಟನ್ನಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಏರುತ್ತದೆ. ಸಿಮೆಂಟೇ ಬೇಡ ಎಂದರೆ ಇಂದು ಯಾರೂ ಒಪ್ಪರು, ಒಪ್ಪಬೇಕಾಗಿಯೂ ಇಲ್ಲ. ಕಡಿಮೆ ಮಾಡಬಹುದು. ಹಾರುಬೂದಿ ಬೆರೆತ ಪಿ.ಪಿ.ಸಿ. ಸಿಮೆಂಟು ಎಲ್ಲ ಅಂಗಡಿಗಳಲ್ಲಿಯೂ ಸಿಗುತ್ತದೆ, ಚೀಲದ ಮೇಲೆ ಬರೆದಿರುತ್ತದೆ, ಕೇಳಿ ತೆಗೆದುಕೊಂಡರಾಯಿತು. ಕೇರಳದಲ್ಲಿ ಮನೆ ಕಟ್ಟುವ ಕ್ರಮವನ್ನೇ ಬದಲಿಸಿದ ಲಾರಿ ಬೇಕರ್ (1917–2007) ಇನ್ನೊಂದು ಉಪಾಯ ತೋರಿಸಿದರು. ತಾರಸಿಯ ಕೆಳಭಾಗದ ಕಾಂಕ್ರೀಟು ಭಾರ ಹೊರುವುದು ಅತ್ಯಲ್ಪ. ಆ ಜಾಗದಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ಇಟ್ಟು ಮೇಲೆ ಕಾಂಕ್ರೀಟು ಸುರಿದರೆ ಸಿಮೆಂಟೂ ಉಳಿಯಿತು, ಮಾಡೂ ತಂಪಾಯಿತು. ಜೀರ್ಣೋದ್ಧಾರದಲ್ಲಿ ಹಳೆಯ ಪೌಳಿ ಬಿಚ್ಚಿದಾಗ ರಾಶಿ ಬೀಳುವ ಹೆಂಚನ್ನು ಲಾರಿಯಲ್ಲಿ ಹೇರಿ ತಗ್ಗು ತುಂಬಿಸಲು ಕಳಿಸುವವರು ಇದನ್ನು ಗಮನಿಸಬೇಕು. ಆ ಹೆಂಚಿನಲ್ಲಿ ಕೆಲವಕ್ಕೆ ನೂರು ವರ್ಷ ದಾಟಿರುತ್ತದೆ, ಜೆಪ್ಪಿನಲ್ಲಿ ಬಾಸೆಲ್ ಮಿಶನಿನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ.

ಮನೆ ಕಟ್ಟುವ ಸಾಮಾನು ಐದು ಮೈಲಿನ ಒಳಗೆ ದೊರೆಯುವಂಥದ್ದಾಗಿರಬೇಕು ಎಂದು ಗಾಂಧೀಜಿ ಬೇಕರರಿಗೆ ಹೇಳಿದ್ದು ಪ್ರಸಿದ್ಧ. ಲೀಡ್ ಪದ್ಧತಿಯ 2009ರ ಪಟ್ಟಿಯಲ್ಲಿ 500 ಮೈಲಿನ ಒಳಗಿನ ಸಾಮಾನನ್ನು ಸ್ಥಳೀಯ ಎಂದು ಎಣಿಸುತ್ತಿದ್ದರು. 2013ರಲ್ಲಿ ಬಂದ ಪಟ್ಟಿಯಲ್ಲಿ ಅದನ್ನು 100 ಮೈಲಿಗೆ ಇಳಿಸಿದರು. ಮಾರ್ಕು ಕೊಡುವವರೂ ಮೆಲ್ಲ ಮೆಲ್ಲನೆ ಗಾಂಧೀಜಿಯ ಕಡೆಗೇ ಬರುತ್ತಿದ್ದಾರೆ. ರಾಜಸ್ಥಾನದ ಅಮೃತಶಿಲೆ ಹಾಸದಿದ್ದರೆ ದೇವಸ್ಥಾನಕ್ಕೆ ಗೌರವ ಕಡಿಮೆ ಎಂದು ತಿಳಿದವರು ಅಲ್ಲಿಯವರೆಗಿನ ಮೈಲು ಎಣಿಸಿ ನೋಡಲಿ.

ಹಾಗೆಂದು ಮುರಕಲ್ಲು ಊರಿನದ್ದು, ಎಷ್ಟು ಬೇಕಾದರೂ ತೆಗೆಯಬಹುದು ಎಂಬ ಮಾತೂ ಸಲ್ಲದು. ಹಿಂದೆ ಕೈಯಲ್ಲಿ ಕಡಿಯುತ್ತಿದ್ದಾಗ ಒಂದು ಮನೆಗೆ ಬೇಕಾದಷ್ಟು ಕಲ್ಲು ತೆಗೆಯಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಈಗ ಮೆಶಿನಿನ ಗರಗಸ ಪದವಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಓಡುತ್ತದೆ. ಓಣಂ ಹೊತ್ತಿಗೆ ನೀಲಿ ಹೂ ಹಾಸುತ್ತಿದ್ದ ಪದವುಗಳಲ್ಲಿ ಆಳದ ಹೊಂಡಗಳು ಉಳಿದಿವೆ. ಮಳೆ ಕುಡಿಯಬೇಕಾದ ಗುಡ್ಡವೇ ಹೋದರೆ ಕೆಳಗಿನ ಸುರಂಗಕ್ಕೂ ದೇವರ ಕೆರೆಗೂ ನೀರು ಎಲ್ಲಿಂದ ಬರಬೇಕು? ಹಸುರು ಕಟ್ಟಡದ ಪಟ್ಟಿ ಸಾಮಾನು ಬಂದ ದೂರವನ್ನು ಅಳೆಯುತ್ತದೆ, ಅದು ಬಂದ ಹೊಂಡದ ಆಳವನ್ನು ಅಷ್ಟಾಗಿ ನೋಡುವುದಿಲ್ಲ. ಆ ಪಟ್ಟಿಯ ಕುಂದು ಅದು. ಹಳೆಯ ಗೋಡೆಯ ಕಲ್ಲನ್ನು ಕೆತ್ತಿ ಮತ್ತೆ ಹೊಸ ಗೋಡೆಗೆ ಬಳಸುವುದು ಇದಕ್ಕೆ ಇರುವ ದಾರಿ. ಕೂಲಿ ಸ್ವಲ್ಪ ಹೆಚ್ಚಾಗುತ್ತದೆ, ಹೌದು.

ಕಟ್ಟಡಕ್ಕೆ ದಾನಿಗಳು ಒಮ್ಮೆ ಕೊಡುತ್ತಾರೆ, ಅವರ ಹೆಸರು ಫಲಕದಲ್ಲಿ ಬರುತ್ತದೆ. ಕರೆಂಟು ಬಿಲ್ಲನ್ನು ಕಾಣಿಕೆ ಹುಂಡಿ ಎಂದೆಂದಿಗೂ ಕಟ್ಟುತ್ತಿರಬೇಕು, ಅದಕ್ಕೆ ಫಲಕವಿಲ್ಲ. ಸಭಾಭವನದಲ್ಲಿ ಹಳೆಯ ಮಾದರಿಯ 40 ಫ್ಯಾನು ತಿರುಗಿದರೆ ಗಂಟೆಗೆ ಮೂರು ಯೂನಿಟ್. ಈಗ ಬರುವ ಬಿ.ಎಲ್.ಡಿ.ಸಿ. ಫ್ಯಾನಾದರೆ ಒಂದೂವರೆಗಿಂತಲೂ ಕಡಿಮೆ. ಅದಕ್ಕಿಂತ ಮೊದಲು ಗಾಳಿ ತಾನಾಗಿ ಬರುವಂತೆ ಕಟ್ಟಬೇಕು. ಹಳೆಯ ಅಗ್ರಶಾಲೆಗಳ ಇಳಿಜಾರು ಮಾಡು, ಮುಂದೆ ಚಾಚಿದ ಸೂರು, ಗೋಡೆಯ ಮೇಲ್ತುದಿಯಲ್ಲಿ ಬಿಸಿಗಾಳಿ ಹೊರಹೋಗುವ ಅಳಿಗಳು, ಇವು ಶೋಕಿಗೆ ಇಟ್ಟವಲ್ಲ. ಅದನ್ನೆಲ್ಲ ಮುಚ್ಚಿ, ಗಾಜು ಹಾಕಿ, ಒಳಗೆ ಸೆಕೆಯಾಗುತ್ತದೆಂದು ಎ.ಸಿ. ಇಡುವ ಯೋಚನೆ ಕೆಲವು ಕಡೆ ಹೊರಟಿದೆ. ಮದುವೆ ಪಾರ್ಟಿಯವರು ಕೇಳುತ್ತಾರಂತೆ. ವರ್ಷಕ್ಕೆ ಎಷ್ಟು ಮದುವೆ, ಎಷ್ಟು ಬಾಡಿಗೆ, ಎಷ್ಟು ಬಿಲ್ಲು ಎಂದು ಒಂದು ಕಾಗದದಲ್ಲಿ ಬರೆದು ಕೂಡಿಸಿ ನೋಡಿ ತೀರ್ಮಾನಿಸಿದರೆ ಒಳ್ಳೆಯದು.

ನಕ್ಷತ್ರದ ಸರ್ಟಿಫಿಕೇಟ್ ಪಡೆಯಲು ಶುಲ್ಕವಿದೆ, ತಜ್ಞರನ್ನು ಕರೆಸುವ ಖರ್ಚಿದೆ. ಗ್ರಾಮದ ದೇವಸ್ಥಾನಕ್ಕೆ ಅದು ಬೇಕೆಂದೇನೂ ಇಲ್ಲ. ಅಲ್ಲದೆ ನಕ್ಷತ್ರ ಸಿಕ್ಕಿದ ಕಟ್ಟಡದಲ್ಲಿಯೂ ಲೈಟು ಆರಿಸದೆ ಹೋದರೆ ಬಿಲ್ಲು ಬಂದೇ ಬರುತ್ತದೆ. ಸಮಿತಿಗೆ ಬೇಕಾದದ್ದು ಆ ಪ್ರಶ್ನೆಪತ್ರಿಕೆ ಮಾತ್ರ. ನೀಲನಕ್ಷೆಗೆ ಸಹಿ ಹಾಕುವ ಮಹಾಸಭೆಯಲ್ಲಿಯೇ ಇಂಜಿನಿಯರರ ಮುಂದೆ ಅದನ್ನು ಇಟ್ಟು, ಮಾಡಿನ ನೀರು ಎಲ್ಲಿಗೆ, ಬಿಚ್ಚಿದ ಕಲ್ಲು ಹೆಂಚು ಏನಾಗುತ್ತದೆ, ಅಂಗಣದಲ್ಲಿ ಮಣ್ಣು ಎಷ್ಟು ಉಳಿಯುತ್ತದೆ, ಹಗಲು ಲೈಟಿಲ್ಲದೆ ಊಟ ಬಡಿಸಬಹುದೇ ಎಂದು ಕೇಳಬೇಕು. ಉತ್ತರವನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಬೇಕು. ಅಡಿಪಾಯ ಹಾಕಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಈಗಾಗಲೇ ಕಟ್ಟಿ ಆಗಿರುವಲ್ಲಿ ಈ ವರ್ಷವೇ ಮಾಡಬಹುದಾದ ಒಂದು ಕೆಲಸವಿದೆ. ಮಾಡಿನ ಅಂಚಿಗೆ ದಂಬೆ ಕಟ್ಟಿ ನೀರನ್ನು ಬಾವಿಗೆ ಇಳಿಸುವುದು. ಹಿಂದೆ ಸೀಳಿದ ಅಡಿಕೆ ಮರದ ದಂಬೆ ಇತ್ತು, ಈಗ ಪಿ.ವಿ.ಸಿ. ಸಿಗುತ್ತದೆ. ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಟ್ಟು, ಬಳಿಕ ಜಲ್ಲಿ, ಮಸಿಕೆಂಡ, ಹೊಯಿಗೆ ತುಂಬಿದ ಡ್ರಮ್ಮಿನ ಮೂಲಕ ಸೋಸಿ ಬಾವಿಗೆ ಬಿಡಬೇಕು. ಡ್ರಮ್ಮಿಗೆ ಮುಚ್ಚಳ ಇರಲಿ, ಸೊಳ್ಳೆ ಆಗುತ್ತದೆ. ಪತ್ತನಾಜೆಗೆ ಕೊಡಿ ಇಳಿಸಿ, ಗೆಜ್ಜೆ ಬಿಚ್ಚಿದ ಮೇಲೆ ಮಳೆಗೆ ಹೆಚ್ಚು ದಿನ ಇರುವುದಿಲ್ಲ. ಆದುದರಿಂದ ಕೆಲಸ ಅದಕ್ಕೆ ಮೊದಲೇ ಮುಗಿಯಬೇಕು.