ಖಳನಾಯಕನಿಲ್ಲದ ಕಥೆಗಳು

(ಗಲಗಲಿಯ ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೃಷ್ಣೆಯ ದಡದ ಈ ಊರಿನಲ್ಲಿ ಕುಳಿತು ಕೊರಿಯಾದ ಕಾದಂಬರಿಗಳ ಕುರಿತು ಮಾತನಾಡುವ ಅಗತ್ಯವೇನು ಎಂದು ಯಾರಾದರೂ ಕೇಳಿದರೆ ಅದು ತಪ್ಪಲ್ಲ. ಅಲ್ಲಿನ ಭಾಷೆ ಬೇರೆ, ಧರ್ಮ ಬೇರೆ, ಶ್ರೀಮಂತಿಕೆಯೂ ಬೇರೆ. ಆದರೆ ಆ ಪುಸ್ತಕಗಳನ್ನು ತೆರೆದಾಗ ನಮಗೆ ಕಂಡದ್ದು ನಮ್ಮದೇ ಅಡುಗೆಮನೆ.

ಚೊ ನಾಮ್‌ಜೂ ಎಂಬ ಲೇಖಕಿಯ 'ಕಿಮ್ ಜಿಯಂಗ್, 1982ರಲ್ಲಿ ಜನಿಸಿದವಳು' ಎಂಬ ಕಾದಂಬರಿ 2016ರಲ್ಲಿ ಪ್ರಕಟವಾಯಿತು. ದಕ್ಷಿಣ ಕೊರಿಯಾದಲ್ಲಿ ಅದರ 10 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಅದರಲ್ಲಿ ಕೊಲೆಯಿಲ್ಲ, ಹೊಡೆತ ಬಡಿತಗಳ ವೈಭವವಿಲ್ಲ. ಮನೆಯಲ್ಲಿ ಬಿಸಿ ಅನ್ನ ಮೊದಲು ತಂದೆಗೆ, ತಮ್ಮನಿಗೆ, ಅಜ್ಜಿಗೆ ಬಡಿಸಲಾಗುತ್ತದೆ; ಹೆಣ್ಣುಮಕ್ಕಳ ಸರದಿ ಆಮೇಲೆ. ತಾಯಿಯು ತನ್ನ ಯೌವನದಲ್ಲಿ ಕಾರ್ಖಾನೆಯಲ್ಲಿ ದುಡಿದು ಸಹೋದರರನ್ನು ಓದಿಸಿದವಳು. ಮಗಳು ಪದವಿ ಪಡೆದು ಉದ್ಯೋಗ ಹಿಡಿಯುತ್ತಾಳೆ, ಮಗುವಿಗಾಗಿ ಅದನ್ನು ಬಿಡುತ್ತಾಳೆ. ಒಂದು ದಿನ ಮಗುವಿನೊಂದಿಗೆ ಹೊರಗೆ ಕುಳಿತು ಕಾಫಿ ಕುಡಿಯುವಾಗ, ಗಂಡನ ಹಣದಲ್ಲಿ ಹಾಯಾಗಿರುವ ಹೆಣ್ಣೆಂದು ಅಪರಿಚಿತರು ಹಂಗಿಸುವುದು ಅವಳ ಕಿವಿಗೆ ಬೀಳುತ್ತದೆ. ಕೊನೆಗೆ ಅವಳು ತನ್ನ ದನಿಯಲ್ಲಿ ಮಾತನಾಡಲಾರದೆ ತಾಯಿಯ ದನಿಯಲ್ಲಿ, ತೀರಿಹೋದ ಗೆಳತಿಯ ದನಿಯಲ್ಲಿ ಮಾತನಾಡತೊಡಗುತ್ತಾಳೆ.

ಈ ಕಥೆಯಲ್ಲಿ ಖಳನಾಯಕನಿಲ್ಲ. ಗಂಡ ಒಳ್ಳೆಯವನು. ಅವಳನ್ನು ಅರ್ಥಮಾಡಿಕೊಂಡ ವೈದ್ಯನೂ ಸಜ್ಜನನೇ. ಆದರೆ ಕೊನೆಯ ಪುಟದಲ್ಲಿ ಆ ವೈದ್ಯನೇ, ಬಸುರಿಯಾಗಿ ಕೆಲಸ ಬಿಟ್ಟವಳ ಜಾಗಕ್ಕೆ ಅವಿವಾಹಿತೆಯನ್ನೇ ನೇಮಿಸಬೇಕೆಂದು ನಿಶ್ಚಯಿಸುತ್ತಾನೆ. ಕೆಟ್ಟವರ ಅನ್ಯಾಯವನ್ನು ಗುರುತಿಸುವುದು ಸುಲಭ. ಒಳ್ಳೆಯವರು ನಿತ್ಯವೂ ಅರಿವಿಲ್ಲದೆ ಮಾಡುವ ಅನ್ಯಾಯವನ್ನು ಯಾರು ಗುರುತಿಸಬೇಕು?

2024ರಲ್ಲಿ ನೊಬೆಲ್ ಪಡೆದ ಹಾನ್ ಕಾಂಗ್ ಅವರ 'ಸಸ್ಯಾಹಾರಿ' ಕಾದಂಬರಿಯಲ್ಲೂ ಇದೇ ಪ್ರಶ್ನೆಯಿದೆ. ಒಬ್ಬ ಗೃಹಿಣಿ ಮಾಂಸ ತಿನ್ನುವುದಿಲ್ಲ ಎನ್ನುತ್ತಾಳೆ, ಅಷ್ಟೇ. ಮನೆಮಂದಿಯೆಲ್ಲ ಸೇರಿದ ಊಟದಲ್ಲಿ ತಂದೆ ಅವಳ ಕೆನ್ನೆಗೆ ಹೊಡೆದು ಬಾಯಿಗೆ ಮಾಂಸ ತುರುಕುತ್ತಾನೆ. ಮೂರು ಭಾಗಗಳ ಆ ಕಥೆಯನ್ನು ಗಂಡನ, ಭಾವನ, ಅಕ್ಕನ ಕಣ್ಣಿನಿಂದ ನಾವು ನೋಡುತ್ತೇವೆ. ಅವಳ ಸ್ವಂತ ಮಾತು ಕನಸಿನ ತುಣುಕುಗಳಲ್ಲಷ್ಟೇ ಉಳಿದಿದೆ. ಇಲ್ಲಿ ವಿಷಯ ಮಾಂಸದ್ದಲ್ಲ. ಹೆಣ್ಣೊಬ್ಬಳು 'ಬೇಡ' ಎಂದರೆ ಮನೆ ಅದನ್ನು ಕೇಳಿಸಿಕೊಳ್ಳುತ್ತದೆಯೇ ಎಂಬುದು ವಿಷಯ.

ಈಗ ನಮ್ಮ ಸೀಮೆಗೆ ಬರೋಣ. ಬನಹಟ್ಟಿ, ರಬಕವಿಯ ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುವ ಕೈಗಳು ಬಹುಪಾಲು ಹೆಂಗಸರವು. ಆದರೆ ನೇಕಾರನೆಂದು ಹೇಳುವಾಗ ನಾವು ಹೆಸರಿಸುವುದು ಗಂಡಸನ್ನು. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಹೊಲಗಳ ಪರಿಹಾರ ಉತಾರೆಯಲ್ಲಿ ಹೆಸರಿದ್ದವರಿಗೆ ಸಂದಿತು. ಅದೇ ಹೊಲದಲ್ಲಿ ಕಳೆ ಕಿತ್ತವಳ ಹೆಸರು ಎಷ್ಟು ಉತಾರೆಗಳಲ್ಲಿತ್ತು? ಕೊರಿಯಾದಲ್ಲೂ ಮನೆಯ ಯಜಮಾನ ಗಂಡಸೇ ಎನ್ನುವ 'ಹೋಜು' ಎಂಬ ನೋಂದಣಿ ಪದ್ಧತಿಯಿತ್ತು. 2005ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದು ಸಂವಿಧಾನಕ್ಕೆ ಹೊಂದುವುದಿಲ್ಲವೆಂದಿತು; 2008ರಲ್ಲಿ ಅದು ಕೊನೆಗೊಂಡಿತು. ಜಿಯಂಗಳ ಕಥೆ ಬಂದದ್ದು ಅದಾದ 8 ವರ್ಷಗಳ ಬಳಿಕ. ಕಾನೂನು ಬದಲಾದ ಮೇಲೂ ಬಡಿಸುವ ಸರದಿ ಬದಲಾಗಿರಲಿಲ್ಲ ಎಂದೇ ಅರ್ಥ.

ಕನ್ನಡದಲ್ಲಿ ಈ ಮಾತನ್ನು ನಮ್ಮ ಸಹೋದರಿಯರು ಎಂದೋ ಹೇಳಿದ್ದಾರೆ. ಕಾಸರಗೋಡಿನಲ್ಲಿ ಜನಿಸಿ 2023ರಲ್ಲಿ ತೀರಿಕೊಂಡ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ, ತಂದೆಯ ಹಟಕ್ಕೆ ಸಿಲುಕಿ ಗಂಡನನ್ನು ಕಳೆದುಕೊಂಡವಳು. ಅವನ ಬಳಿಗೆ ಮರಳಲು ಇನ್ನೊಬ್ಬನೊಂದಿಗೆ ಒಂದು ರಾತ್ರಿ ಕಳೆಯಬೇಕೆಂದಾಗ ಅವಳು ಸಾವನ್ನು ಆರಿಸಿಕೊಳ್ಳುತ್ತಾಳೆ. ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕಥೆಯಲ್ಲಿ ಮೆಹರುನ್ ತವರಿಗೆ ಬಂದರೆ, ಸಹೋದರರು ಮರ್ಯಾದೆಯ ಹೆಸರಿನಲ್ಲಿ ಅವಳನ್ನು ಹಿಂದಕ್ಕೆ ಕಳುಹಿಸುತ್ತಾರೆ. ಸೀಮೆಎಣ್ಣೆ ಸುರಿದುಕೊಂಡ ಅವಳನ್ನು ತಡೆಯುವವಳು ಮಗಳು. 'ಸಸ್ಯಾಹಾರಿ'ಗೆ 2016ರಲ್ಲಿ ಸಂದ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯೇ, ದೀಪಾ ಭಾಸ್ತಿ ಅನುವಾದಿಸಿದ ಬಾನು ಅವರ 12 ಕಥೆಗಳಿಗೆ 2025ರಲ್ಲಿ ಸಂದಿತು.

ನಾವಿಲ್ಲಿ ಒಂದು ತಪ್ಪೊಪ್ಪಿಗೆ ಮಾಡಲೇಬೇಕು. ಮದ್ರಸಾದಲ್ಲಿ ನಾವು ತಲಾಕಿನ ಮಸ್‌ಅಲೆಗಳನ್ನು ಕಂಠಪಾಠ ಮಾಡಿದೆವು. ಇದ್ದತ್ತಿನ ದಿನಗಳನ್ನು ಲೆಕ್ಕ ಹಾಕಿದೆವು. ಮುಂಚಿತವಾಗಿ ಒಪ್ಪಂದ ಮಾಡಿಕೊಂಡ ಹಲಾಲಾವನ್ನು ಪ್ರವಾದಿವರ್ಯರು(ಸ) ಶಪಿಸಿದ್ದಾರೆಂಬ ಹದೀಸನ್ನೂ ಓದಿದೆವು. ಆದರೆ ತಲಾಕ್ ಹೇಳಿಸಿಕೊಂಡವಳು ಆ ರಾತ್ರಿ ಎಲ್ಲಿ ಮಲಗಿದಳು, ಮಗುವಿಗೆ ಏನು ಉಣಿಸಿದಳು ಎಂದು ನಾವು ಕೇಳಲಿಲ್ಲ. ಆ ಪ್ರಶ್ನೆಯನ್ನು ನಮಗೆ ಕಲಿಸಿದ್ದು ಕಥೆಗಳು.

'ಇಂಥ ಬರಹಗಳು ಸಮುದಾಯದ ಮಾನ ಕಳೆಯುತ್ತವೆ, ವಿರೋಧಿಗಳ ಕೈಗೆ ಅಸ್ತ್ರ ಕೊಡುತ್ತವೆ' ಎಂಬ ಆಕ್ಷೇಪವಿದೆ. ಈ ಆತಂಕ ಸುಳ್ಳಲ್ಲ. ನಮ್ಮ ಹೆಣ್ಣುಮಕ್ಕಳ ಕಣ್ಣೀರನ್ನು ರಾಜಕೀಯದ ಬಂಡವಾಳ ಮಾಡಿಕೊಂಡವರನ್ನು ನಾವು ಕಂಡಿದ್ದೇವೆ. ಆದರೆ ಬಾಯಿ ಮುಚ್ಚಿಸುವುದು ಅದಕ್ಕೆ ಉತ್ತರವೇ? ಮಹಿಳೆಯರ ಮಸೀದಿ ಪ್ರವೇಶದ ಪರ ಮಾತನಾಡಿದ್ದಕ್ಕೆ 2000ದಲ್ಲಿ ಬಾನು ಅವರು ಬಹಿಷ್ಕಾರ ಎದುರಿಸಬೇಕಾಯಿತು. ಕೊರಿಯಾದಲ್ಲಿ 2018ರಲ್ಲಿ ಗಾಯಕಿಯೊಬ್ಬರು ಜಿಯಂಗಳ ಕಥೆ ಓದಿದ್ದಾಗಿ ಹೇಳಿದ್ದಕ್ಕೆ ಕೆಲವು ಅಭಿಮಾನಿಗಳು ಅವರ ಭಾವಚಿತ್ರಗಳನ್ನು ಸುಟ್ಟರು. ಕನ್ನಡಿಯ ಮೇಲಿನ ಸಿಟ್ಟು ಎಲ್ಲೆಡೆಯೂ ಒಂದೇ. ಸತ್ಯಸಾಕ್ಷ್ಯವು ನಮ್ಮ ವಿರುದ್ಧವಾದರೂ, ಹೆತ್ತವರ ವಿರುದ್ಧವಾದರೂ ನ್ಯಾಯದಲ್ಲಿ ನೆಲೆ ನಿಲ್ಲಬೇಕೆಂದು ಕುರ್‌ಆನ್ ನಮಗೆ ಆದೇಶಿಸಿದೆ. ಹಾಗಿರುವಾಗ ನಮ್ಮ ಮನೆಯ ಸಾಕ್ಷಿ ಹೇಳಿದವಳನ್ನು ನಾವು ಶತ್ರುವೆಂದು ಹೇಗೆ ಕರೆಯೋಣ?

ಆದ್ದರಿಂದ ನಮ್ಮದೊಂದು ವಿನಂತಿ. ಇಂತಹ ಒಂದು ಕಥೆಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿರಿ. ಬಳಿಕ ಮೊದಲ ಮಾತು ತಾಯಿ, ಮಡದಿ, ಮಗಳದ್ದಾಗಲಿ. ಗಂಡಸರು ನಡುವೆ ಬಾಯಿ ಹಾಕದೆ, ಸಮಜಾಯಿಷಿ ಕೊಡದೆ ಕೇಳಲಿ. ಇಂದು ರಾತ್ರಿ ಮನೆಗೆ ಹೋದಾಗ ಇನ್ನೊಂದನ್ನೂ ಗಮನಿಸೋಣ: ರೊಟ್ಟಿ ಬಡಿದವಳು ಉಣ್ಣಲು ಕುಳಿತದ್ದು ಯಾವಾಗ, ಆ ಹೊತ್ತಿಗೆ ಬುಟ್ಟಿಯಲ್ಲಿ ಉಳಿದ ರೊಟ್ಟಿಗಳೆಷ್ಟು?